ಸೆಕೆಂಡಿನ ಮುಳ್ಳಿರೋ ವಾಚು

ಅಕ್ಕಾ, ಮಗಳಿಗೆ ಚಿತ್ರದುರ್ಗದಾಗೆ ಟ್ರೈನಿಂಗ್ ಸೀಟು ಸಿಕ್ತಂತೆ, ಕೇಳಿ ಹೊಟ್ಟೆ ತುಂಬಿದಂಗಾತು. ಆದ್ರೆ ಸ್ಟೆತೋಸ್ಕೋಪು, ಬಿಪಿ ಮಿಷನ್ನು ಎಲ್ಲಾ ಕೊಡಿಸ್ಬೇಕು ಅಂತ ಶೇಂಗಾ ಮಾರಿದ ದುಡ್ಡು ಎತ್ತಿಟ್ಟೀಯಂತಲ್ಲ, ಅದಕ್ಕೇ ಬೇಲಿ ತಾವ ಕರೆದೆ. ಈಗ್ಲೇ ಬ್ಯಾಡ ಕಣಕ್ಕ.

ಅವಳು ಸೇರಿರೋದು ಜಿಡಿಎ, ಜನರಲ್ ಡ್ಯೂಟಿ ಅಸಿಸ್ಟೆಂಟ್. ನರ್ಸ್ ಕೋರ್ಸು ಎಎನ್‌ಎಂ ಆಗಿದ್ರೆ 2 ವರ್ಷ, ಜಿಎನ್‌ಎಂ ಆಗಿದ್ರೆ 3 ವರ್ಷ; ಇದು ಕೆಲವು ತಿಂಗಳಷ್ಟೇ. ಇಂಜೆಕ್ಷನ್ ಕೊಡೋದು ಇವಳ ಕೆಲಸ ಅಲ್ಲ. ಮೈ ಒರೆಸೋದು, ಉಣಿಸೋದು, ಏಳಕ್ಕಾಗದೋರನ್ನ 2 ಗಂಟೆಗೊಮ್ಮೆ ಮಗ್ಗುಲು ತಿರುಗಿಸೋದು. ತಿರುಗಿಸ್ದಿದ್ರೆ ಬೆನ್ನೆಲ್ಲಾ ಹುಣ್ಣು. ಇದನ್ನ ಸಣ್ಣ ಕೆಲಸ ಅಂತ ಯಾರಾದ್ರೂ ಅಂದ್ರೆ ನಂಗೆ ಸಿಟ್ಟು ಬರ್ತೈತೆ. ದೊಡ್ಡ ಮಿಷನ್ನು ಕಲಿಸೋ ಕಡೆ ಇರ್ತಾವೆ. ಬೇಕಾದ್ರೆ ಸಿಸ್ಟರ್ರೇ ಹೇಳ್ತಾರೆ, ಆಗ ತಗೊಂಡ್ರಾತು.

ಕೊಡಿಸೋದಿದ್ರೆ ಒಂದು ವಾಚು ಕೊಡಿಸು. ಸೆಕೆಂಡಿನ ಮುಳ್ಳು ದಪ್ಪಗೆ ಕಾಣ್ಬೇಕು, ನೀರು ಬಿದ್ರೂ ಕೆಡಬಾರದು. ಎದೆಗೆ ಪಿನ್ ಹಾಕೋ ವಾಚು ಸಿಕ್ಕರೆ ಇನ್ನೂ ಒಳ್ಳೇದು, ಕೈ ತೊಳೆಯೋವಾಗ ಅಡ್ಡ ಬರಲ್ಲ. ನಾಡಿ, ಉಸಿರು ಎಣಿಸಕ್ಕೆ ಅದು ಬೇಕು. ದೊಡ್ಡೋರ ನಾಡಿ ನಿಮಿಷಕ್ಕೆ 60ರಿಂದ 100 ಇರ್ಬೇಕು, ತಪ್ಪಿ ತಪ್ಪಿ ಹೊಡೀತಿದ್ರೆ ಪೂರ್ತಿ ನಿಮಿಷ ಎಣಿಸ್ಬೇಕು. ಉಸಿರು 12ರಿಂದ 20. ಉಸಿರು ಎಣಿಸ್ತೀನಿ ಅಂತ ರೋಗಿಗೆ ಹೇಳಂಗಿಲ್ಲ ಅಕ್ಕಾ, ಹೇಳಿದ್ರೆ ಅವರ ಉಸಿರಾಟದ ರೀತೀನೇ ಬದಲಾಗ್ತೈತೆ. ನಾಡಿ ಹಿಡಿದ ಕೈ ಬಿಡದಂಗೆ, ಇನ್ನೂ ನಾಡೀನೇ ನೋಡ್ತಿರೋಳಂಗೆ ಇದ್ದು ಎದೆ ಏರಿಳಿಯೋದನ್ನ ಎಣಿಸ್ಬೇಕು. ಒಂದು ಕಣ್ಣು ಎದೆ ಮ್ಯಾಲೆ, ಒಂದು ಕಣ್ಣು ಮುಳ್ಳಿನ ಮ್ಯಾಲೆ. ಫೋನ್ ತೆಗೆದು ನೋಡ್ಕಂತ ಕೂತ್ರೆ ಆಗೋ ಕೆಲಸ ಅಲ್ಲ.

ಆಮೇಲೆ ಶೂ. ಚಪ್ಪಲಿ ಬ್ಯಾಡವೇ ಬ್ಯಾಡ. ಸೂಜಿ ಕೆಳಗೆ ಬೀಳ್ತೈತೆ, ಫಿನಾಯಿಲ್ ಹಾಕಿ ಒರೆಸಿದ ನೆಲ ಜಾರ್ತೈತೆ. ಬೆರಳು ಮುಚ್ಚಿರ್ಬೇಕು, ಅಡೀಲಿ ಹಿಡಿತ ಇರ್ಬೇಕು. ಬಣ್ಣ ಯಾವ್ದು ಅಂತ ಮೊದಲು ಅಲ್ಲೇ ಕೇಳಿಬಿಡು. ಯೂನಿಫಾರಂ ಬಟ್ಟೇನೂ ಅವರು ಹೇಳೋ ತನಕ ತರಬ್ಯಾಡ. ತಂದ ಮ್ಯಾಲೆ ನೀರಿಗೆ ಹಾಕಿ ಒಣಗಿಸಿ ಆಮೇಲೆ ಹೊಲಿಸು. ನಮ್ಮ ಬಿಸಿಲಿಗೆ ಕಾಟನ್ ಸಾಕ್ಸೇ ಸರಿ. ಪೆನ್ನು, ಜೇಬಿಗೆ ಹಿಡಿಯೋ ಪುಸ್ತಕ, ಕೂದಲಿಗೆ ನೆಟ್ಟು, ನೇಲ್ ಕಟ್ಟರ್ರು, ಬುತ್ತಿ ಡಬ್ಬಿ, ಇಷ್ಟೇ. ಆ ಪುಸ್ತಕದಾಗೆ ರೋಗಿ ಎಷ್ಟು ನೀರು ಕುಡಿದ, ಎಷ್ಟು ಮೂತ್ರ ಹೋದ ಅಂತ ಆಗಿಂದಾಗ್ಗೆ ಗುರ್ತು ಹಾಕ್ಕೋಬೇಕು. ನೆನಪಿಟ್ಟು ಬರೀತೀನಿ ಅಂದ್ರೆ ಆಗಲ್ಲ.

ಗಾಜಿನ ಬಳೆ ಮಾತ್ರ ಮನೇಲಿ ಬಿಚ್ಚಿಟ್ಟು ಹೋಗಲಿ. ಬೋಳು ಕೈ ಅಂತ ನೀನು ಬೇಜಾರು ಮಾಡ್ಕಂತೀಯ, ಗೊತ್ತು. ಬಳೆ, ಉಂಗುರದ ಸಂದ್ಯಾಗೆ ಕೊಳೆ ಕೂರ್ತೈತೆ. ಸೋಪು ಹಾಕಿ 40ರಿಂದ 60 ಸೆಕೆಂಡು ಕೈ ತೊಳೀಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳೈತೆ. ಮೈ ಒರೆಸೋವಾಗ ಮುದುಕಿಗೆ ನಿನ್ನ ಮಗಳ ಬಳೆ ತರಚಿದ್ರೆ ಆ ಗಾಯ ಮಾಯೋದೂ ನಿಧಾನ.

ಇನ್ನೊಂದು. ಇದು ಅಂಗಡೀಲಿ ಸಿಗಲ್ಲ, ಆದ್ರೆ ಎಲ್ಲಕ್ಕಿಂತ ಮೊದ್ಲು ಬೇಕು. ಹೆಪಟೈಟಿಸ್ ಬಿ ಲಸಿಕೆ ಹಾಕಿಸು. ರಕ್ತದಿಂದ ಹರಡೋ ಕಾಯಿಲೆ ಅದು, ಲಿವರ್‌ಗೆ ಹೊಡೀತೈತೆ. 3 ಸೂಜಿ: ಮೊದಲ್ನೇದು ಇವತ್ತು ಹಾಕಿಸಿದ್ರೆ ತಿಂಗಳಿಗೆ ಎರಡನೇದು, ಆರನೇ ತಿಂಗಳಿಗೆ ಮೂರನೇದು. ಹುಟ್ಟಿದಾಗಿನ ಲಸಿಕೆ ಕಾರ್ಡು ಟ್ರಂಕಿನಾಗೆ ಇದ್ರೆ ಹುಡುಕು, ಆಗಲೇ ಹಾಕಿಸಿದ್ರೂ ಹಾಕಿಸಿರಬಹುದು. ಅದನ್ನ ಹಿಡ್ಕಂಡು ಬೆಳಗ್ಗೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಡಾಕ್ಟರನ್ನ ಕೇಳ್ರಿ. ಪೇಟೆಗೆ ಸಂಜೆ ಹೋಗೋಣ. ದಿನವೆಲ್ಲಾ ಓಡಾಡಿ ಪಾದ ಊದ್ಕಂಡಿರ್ತೈತೆ, ಶೂ ಅಳತೆ ನೋಡಕ್ಕೆ ಅದೇ ಸರಿಯಾದ ಹೊತ್ತು.