ಪರಕಾಯ ಪ್ರವೇಶಕ್ಕೆ ಪ್ರಥಮ ಬಹುಮಾನ

ನಮ್ಮ ನಾಟಕ ವಿಮರ್ಶಕರ ಜೋಳಿಗೆಯಲ್ಲಿ ‘ಪರಕಾಯ ಪ್ರವೇಶ’ ಎಂಬ ಪದ ಸದಾ ಸಿದ್ಧವಿರುತ್ತದೆ. ನಟ ಮಾತು ಮರೆಯದೆ ಒಪ್ಪಿಸಿದರೂ ಸಾಕು, ಪರಕಾಯ ಪ್ರವೇಶ ಮಾಡಿದ ಎಂದು ಬರೆದುಬಿಡುತ್ತಾರೆ. ಅವರನ್ನೆಲ್ಲ ಕೂರಿಸಿ 1947ರ ಹಾಲಿವುಡ್ ಚಿತ್ರ ‘ಎ ಡಬಲ್ ಲೈಫ್’ ತೋರಿಸಬೇಕು. ಒಳಗೆ ಹೋದವನು ಹೊರಗೆ ಬರದಿದ್ದರೆ ಗತಿಯೇನು ಎಂಬುದೇ ಅದರ ಕಥೆ.

ಜಾರ್ಜ್ ಕ್ಯೂಕರ್ ನಿರ್ದೇಶನ. ಬರೆದವರು ರೂತ್ ಗಾರ್ಡನ್, ಗಾರ್ಸನ್ ಕ್ಯಾನಿನ್ ದಂಪತಿ. ಬ್ರಾಡ್‌ವೇ ನಟ ಆಂಥನಿ ಜಾನ್ ಆಗಿ ರೊನಾಲ್ಡ್ ಕೋಲ್ಮನ್. ಈ ಆಂಥನಿ ಹಾಸ್ಯ ನಾಟಕ ಆಡುತ್ತಿದ್ದರೆ ಮನೆಯಲ್ಲೂ ಬೆಲ್ಲ. ದುರಂತ ನಾಟಕ ಹಿಡಿದನೋ, ಹತ್ತಿರ ಸುಳಿಯುವಂತಿಲ್ಲ. ಹೆಂಡತಿ ಬ್ರಿಟಾ ಡೈವೋರ್ಸ್ ತೆಗೆದುಕೊಂಡು ಪಾರಾಗಿದ್ದಾಳೆ. ಇಂಥವನಿಗೆ ಹೋಗಿ ಹೋಗಿ ಷೇಕ್ಸ್‌ಪಿಯರನ ಒಥೆಲೋ, ಸಂಶಯಕ್ಕೆ ಬಿದ್ದು ಹೆಂಡತಿಯನ್ನೇ ಕೊಲ್ಲುವವನ ಪಾತ್ರ! ಮುಖಕ್ಕೆ ಮಸಿ ಬಳಿದುಕೊಂಡು ನಿಲ್ಲುತ್ತಾನೆ. ಕೊಲೆಯಾಗುವ ಹೆಂಡತಿ ಡೆಸ್ಡಿಮೋನಾ ಯಾರೆಂದರೆ ಅದೇ ಮಾಜಿ ಹೆಂಡತಿ. ಪಾರಾಗಿ ಏನು ಬಂತು? ದಿನಾ ರಾತ್ರಿ ಅವನ ಕೈಗೇ ಕತ್ತು ಕೊಡಬೇಕು, ಅದೂ ಟಿಕೆಟ್ ಕೊಂಡವರ ಎದುರಿಗೆ.

(ನಮ್ಮ ಹಳ್ಳಿ ನಾಟಕದ ದುಶ್ಶಾಸನ ವಾಸಿ. ರಾತ್ರಿಯಿಡೀ ಸೀರೆ ಎಳೆದು, ಬೆಳಿಗ್ಗೆ ಬಣ್ಣ ಪೂರ್ತಿ ಹೋಗದ ಮುಖದಲ್ಲೇ ಡೈರಿಗೆ ಹಾಲು ಹಾಕಿ ಬರುತ್ತಾನೆ.)

ಆದರೆ ಸಾಯುವವಳು ಬ್ರಿಟಾ ಅಲ್ಲ, ಹೋಟೆಲಿನಲ್ಲಿ ಊಟ ಬಡಿಸುವ ಪ್ಯಾಟ್. ಶೆಲ್ಲಿ ವಿಂಟರ್ಸ್ ಈ ಪಾತ್ರದಿಂದಲೇ ಹೆಸರಾದದ್ದು. ಒಂದು ರಾತ್ರಿ ಆಂಥನಿ ಅವಳ ರೂಮಿಗೆ ಬರುತ್ತಾನೆ. ದೀಪ ಆರಿಸೋಣವಾ ಎನ್ನುತ್ತಾಳೆ ಪಾಪ. ಒಥೆಲೋ ಹೆಂಡತಿಯನ್ನು ಕೊಲ್ಲುವ ಮೊದಲು ಆಡುವುದೂ ದೀಪದ ಮಾತನ್ನೇ. ಷೇಕ್ಸ್‌ಪಿಯರ್ ಓದಿಕೊಳ್ಳದ ತಪ್ಪಿಗೆ ಹುಡುಗಿ ಹೋಯಿತು.

ನನಗೆ ಇಷ್ಟವಾದದ್ದು ಮುಂದಿನ ಭಾಗ. ಪ್ಯಾಟ್ ಸತ್ತ ರೀತಿಗೂ ರಂಗದ ಮೇಲೆ ಒಥೆಲೋ ಡೆಸ್ಡಿಮೋನಾಗೆ ಕೊಡುವ ‘ಸಾವಿನ ಮುತ್ತಿ’ಗೂ ಹೋಲಿಕೆ ಇದೆ ಎಂದು ಒಬ್ಬ ವರದಿಗಾರನಿಗೆ ಹೊಳೆಯುತ್ತದೆ. ಹೊಳೆದದ್ದು ಕೊಲೆಗಾರನಲ್ಲ, ಹೆಡ್‌ಲೈನು. ನಾಟಕದ ಪ್ರಚಾರ ನೋಡಿಕೊಳ್ಳುವ ಬಿಲ್‌ಗೂ ಹಬ್ಬ. ಉರಿಯುವ ಮನೆಯಲ್ಲಿ ಗಳ ಹಿರಿಯಲು ಬ್ರಾಡ್‌ವೇಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಈ ಹೊಲಸು ಪ್ರಚಾರ ಕಂಡು ಕೆರಳಿದ ಮರ್ಯಾದಸ್ಥ ಒಬ್ಬನೇ: ಕೊಲೆ ಮಾಡಿದವನು! ಬಂದು ಬಿಲ್‌ನ ಮೇಲೇ ಬೀಳುತ್ತಾನೆ. ಆಗ ಬಿಲ್‌ಗೆ ಅನುಮಾನ. ಬೇರೆಯವರ ಕತ್ತು ಹೋದಾಗ ಸುದ್ದಿಯಾಗಿ ಕಂಡದ್ದು, ತನ್ನ ಕತ್ತಿಗೆ ಬಂದಾಗ ಸುಳಿವಾಗಿ ಕಂಡಿತು.

ಕೊಲೆಗಾರನನ್ನು ಹಿಡಿಯಲೂ ನಾಟಕವೇ ಬೇಕು. ಒಬ್ಬ ನಟಿಗೆ ಪ್ಯಾಟ್‌ಳ ವೇಷ ಹಾಕಿಸಿ ಆಂಥನಿಯ ಮುಂದೆ ಬಿಡುತ್ತಾರೆ. ಅವನ ಮುಖ ಬಿಳುಚುತ್ತದೆ. ಕೊನೆಗೆ ರಂಗದ ಮೇಲೆ ಒಥೆಲೋ ಇರಿದುಕೊಳ್ಳುವ ಜಾಗದಲ್ಲಿ ಇವನು ನಿಜವಾಗಿಯೇ ಇರಿದುಕೊಳ್ಳುತ್ತಾನೆ. ಪರದೆಯ ಹಿಂದೆ ಸಾಯುವಾಗಲೂ ಸುತ್ತ ಜನ, ಮೆಲುದನಿಯ ಮಾತು, ನಮ್ಮ ಕಣ್ಣಲ್ಲೂ ನೀರು. 1948ರಲ್ಲಿ ಕೋಲ್ಮನ್‌ಗೆ ಶ್ರೇಷ್ಠ ನಟ ಆಸ್ಕರ್. ಸಂಗೀತಕ್ಕೆ ಮಿಕ್ಲೋಶ್ ರೋಜಾಗೂ ಒಂದು. ಕತ್ತು ಕೊಟ್ಟ ಶೆಲ್ಲಿಗೆ ನಾಮನಿರ್ದೇಶನ ಪಟ್ಟಿಯಲ್ಲೂ ಜಾಗವಿಲ್ಲ.

ಪ್ಯಾಟ್‌ಳ ಊರು ಯಾವುದು, ಮನೆಯವರಿಗೆ ಸುದ್ದಿ ಮುಟ್ಟಿಸಿದವರು ಯಾರು, ಆ ವಾರದ ಸಂಬಳ ಏನಾಯಿತು, ಚಿತ್ರಕ್ಕೆ ಆ ಚಿಂತೆಯಿಲ್ಲ. ಅವಳ ವೇಷ ಹಾಕಿದ ನಟಿಗಾದರೂ ಕೂಲಿ ಸಿಕ್ಕಿರಬೇಕು.