ತಟ್ಟೆಯಂಚಿನ ಕರಿಬೇವು: ಒಂದು ಅಂತರ್‌ಶಿಸ್ತೀಯ ಸಂಪ್ರಬಂಧ

ಪ್ರಸ್ತುತ ಸಂಪ್ರಬಂಧವು ಚೆನ್ನೈನ ಪುರಸೈವಾಕ್ಕಂನಲ್ಲಿ, ಗಂಗಾಧರೇಶ್ವರ ದೇವಸ್ಥಾನದ ಆಸುಪಾಸಿನಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದರ ಊಟದ ತಟ್ಟೆಯನ್ನು ಪಠ್ಯವಾಗಿ ಓದುತ್ತ, ‘ಆಯ್ದುಣ್ಣುವಿಕೆ’ಯ ತಾತ್ವಿಕ ಆಕೃತಿಗಳೊಡನೆ ಮುಖಾಮುಖಿಯಾಗುವ ವಿನಮ್ರ ಪ್ರಯತ್ನವಾಗಿದೆ. (ವಿನಮ್ರ ಎನ್ನದಿದ್ದರೆ ಮಾರ್ಗದರ್ಶಕರು ಸಹಿ ಹಾಕುವುದಿಲ್ಲ.)

ಪೂರ್ವಸೂರಿಗಳ ಸಮೀಕ್ಷೆ: 1992ರಲ್ಲಿ ಪೆಟ್ರೀಷಿಯಾ ಪ್ಲೈನರ್ ಮತ್ತು ಕರೆನ್ ಹಾಬ್ಡೆನ್ ಎಂಬ ವಿದುಷಿಯರು ನವಾಹಾರಭೀತಿಯನ್ನು, ಅಂದರೆ ಕಂಡರಿಯದ ತಿನಿಸಿನ ಅಂಜಿಕೆಯನ್ನು ಅಳೆಯಲು ಹತ್ತು ವಾಕ್ಯಗಳ ಮಾಪಕ ರಚಿಸಿದರು. ಈ ಅಂಜಿಕೆ ಹೆಚ್ಚಿದ್ದವರಲ್ಲಿ ಹೊಸತಿಗೆ ತೆರೆದುಕೊಳ್ಳುವ ಗುಣ ಕಡಿಮೆ ಎಂದು ನಂತರದ ಅಧ್ಯಯನಗಳು ಹೇಳಿವೆ. ನಮ್ಮ ಅಜ್ಜಿ ಇದನ್ನೇ ‘ಹಟಮಾರಿ’ ಎಂದು ಮುಗಿಸುತ್ತಿದ್ದರು. ಆದರೆ ಅವರ ಬಳಿ ಮಾಪಕವಿರಲಿಲ್ಲ, ಸೌಟಿತ್ತು.

ವರ್ಗೀಕರಣ: ಆಯ್ದುಣ್ಣುವವರಲ್ಲಿ ಏಳು ವಿಧ.

ಮೊದಲನೆಯದು, ಪರಿಧಿನಿಷ್ಠ ಕರಿಬೇವು-ವಿಸರ್ಜಕ ವ್ಯಕ್ತಿತ್ವ. ಮನೆಯ ಹುಡುಗ ಒಗ್ಗರಣೆಯ ಕರಿಬೇವು, ಒಣಮೆಣಸಿನಕಾಯಿ, ಬದನೆಯ ಸಿಪ್ಪೆಯನ್ನು ತಟ್ಟೆಯಂಚಿಗೆ ಸಾಲಾಗಿ ಜೋಡಿಸುತ್ತಾನೆ. ಕೇಂದ್ರ ಮತ್ತು ಅಂಚುಗಳ ಅಧಿಕಾರ ರಾಜಕಾರಣ ಇಲ್ಲಿ ನಿಚ್ಚಳವಾಗಿ ಗೋಚರಿಸುತ್ತದೆ. ಇವನು ಮುಂದೆ ಆಡಿಟರ್ ಆಗುವ ಸಂಭವವಿದೆ. 2007ರಲ್ಲಿ ಬ್ರಿಟನ್ನಿನ ಐದು ಸಾವಿರಕ್ಕೂ ಹೆಚ್ಚು ಅವಳಿ ಜೋಡಿಗಳನ್ನು ಪರಿಶೀಲಿಸಿದವರು ಮಕ್ಕಳ ನವಾಹಾರಭೀತಿಯಲ್ಲಿನ ವ್ಯತ್ಯಾಸಕ್ಕೆ ಶೇ. 78ರಷ್ಟು ಅನುವಂಶೀಯತೆಯೇ ಕಾರಣ ಎಂದಿದ್ದಾರೆ. ಇದನ್ನು ಓದಿ ಹೇಳಿದಾಗ ಹುಡುಗನ ಅಪ್ಪ ಹೆಂಡತಿಯ ಕಡೆಯವರನ್ನು ದೂಷಿಸಿದರು.

ಎರಡನೆಯದು, ಬೆಲ್ಲಕೇಂದ್ರಿತ ಸಾಂಬಾರ್-ಅಸ್ಮಿತಾವಾದಿ. ಮನೆಯ ಯಜಮಾನರಿಗೆ ಬೆಲ್ಲ ಬೀಳದ ಸಾಂಬಾರು ಹುಣಿಸೆ ನೀರು. ಪಕ್ಕದ ಮನೆಯ ತಮಿಳು ಹಿರಿಯರಿಗೆ ಬೆಲ್ಲ ಬಿದ್ದದ್ದು ಪಾಯಸ. ಒಬ್ಬರ ಸಾಂಬಾರನ್ನು ಇನ್ನೊಬ್ಬರು ಈವರೆಗೆ ಬಾಯಿಗಿಟ್ಟಿಲ್ಲವಾದ್ದರಿಂದ ಸಂಶೋಧನೆಯ ವಸ್ತುನಿಷ್ಠತೆಗೆ ಧಕ್ಕೆ ಬಂದಿಲ್ಲ.

ಮೂರನೆಯದು, ಈರುಳ್ಳಿ-ಅನ್ವೇಷಕ ಉಪಪ್ರಭೇದ... ಸಾಕು. ಉಳಿದ ವಿಧಗಳನ್ನು ಮಾರ್ಗದರ್ಶಕರು ಎಂದಿನಂತೆ ತಮ್ಮ ಹೆಸರಿನಲ್ಲಿ ಪ್ರಕಟಿಸಿಕೊಳ್ಳಲಿ.

ತೊಂದರೆಯಾದದ್ದು ಮನೆಯ ಸೊಸೆಯಿಂದ. ಆಕೆ ಯಾವ ವಿಧಕ್ಕೂ ಸೇರಲಿಲ್ಲ. ಆಕೆಗೆ ಏನು ಇಷ್ಟ, ಏನು ಸೇರದು ಎಂದು ಕೇಳಿದರೆ ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಎಲ್ಲರದೂ ಆದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಬಳಿದು ಉಣ್ಣುವವರು ಆಯುವುದೇನನ್ನು? ಹುಡುಗ ಬದನೆ ಬಿಟ್ಟರೆ ಮನೋದೋಷ, ಮಾವ ಬಿಟ್ಟರೆ ‘ಅವರ ನಾಲಿಗೆ ಸೂಕ್ಷ್ಮ’, ಆಕೆ ಬಿಟ್ಟರೆ ಕೊಬ್ಬು. ಈ ಸಾಲನ್ನು ಮಂಡಿಸಲು ಮಾಪಕವೇನೂ ಬೇಕಾಗಲಿಲ್ಲ.

ಇಷ್ಟೆಲ್ಲ ಶಾಸ್ತ್ರ ತಮ್ಮ ತಟ್ಟೆಯಲ್ಲಿ ಆಯುವವರ ಬೆನ್ನು ಹತ್ತಿದೆ. ಪರರ ತಟ್ಟೆಗೆ ಕೈಹಾಕಿ ಆಯುವವರಿಗೆ ಯಾವ ರೋಗದ ಹೆಸರೂ ಇಲ್ಲ. ಈ ನಗರದಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಗೊತ್ತು, ಎಷ್ಟೋ ಕಡೆ ಮುಂಗಡದ ಮಾತಿಗಿಂತ ಮೊದಲು ‘ಸೈವಮಾ?’, ಅಂದರೆ ಸಸ್ಯಾಹಾರಿಗಳೇ, ಎಂಬ ಪ್ರಶ್ನೆ ಬರುತ್ತದೆ. ಮೀನು ತಿನ್ನುವವನಿಗೆ ಬಾಗಿಲು ಮುಚ್ಚಿದರೆ ಅದು ಭೀತಿಯಲ್ಲ, ಮನೆತನದ ಮರ್ಯಾದೆ!

ತಮಿಳುನಾಡಿನ ಶಾಲೆಗಳ ಮಧ್ಯಾಹ್ನದ ಊಟದಲ್ಲಿ ಮೊಟ್ಟೆ ಎಷ್ಟೋ ವರ್ಷಗಳಿಂದ ಮಾಮೂಲು. ನಮ್ಮ ಕರ್ನಾಟಕದಲ್ಲಿ 2021ರ ಡಿಸೆಂಬರಿನಲ್ಲಿ ಬೀದರ್, ಯಾದಗಿರಿ, ರಾಯಚೂರು ಮುಂತಾದ ಏಳು ಜಿಲ್ಲೆಗಳ ಶಾಲಾಮಕ್ಕಳಿಗೆ, ಅಪೌಷ್ಟಿಕತೆ ತೀವ್ರವಾಗಿದೆ ಎಂಬ ಕಾರಣಕ್ಕೆ, ಮೊಟ್ಟೆ ಕೊಡತೊಡಗಿದಾಗ ಹೊಟ್ಟೆ ತುಂಬಿದ ಹಿರಿಯರು ಬೇಡವೆಂದು ಗದ್ದಲ ಎಬ್ಬಿಸಿದರು. ಅವರ ವ್ಯಕ್ತಿತ್ವವನ್ನು ಯಾರೂ ಪರೀಕ್ಷಿಸಲಿಲ್ಲ. ತಿನ್ನಬೇಕಾದ ಮಕ್ಕಳು ಬೇಕು ಎಂದು ಬಾಯಿಬಿಟ್ಟು ಕೇಳಬೇಕಾಯಿತು. ಅಷ್ಟಕ್ಕೂ ಮೊಟ್ಟೆ ಒಲ್ಲದ ಮಕ್ಕಳಿಗೆ ಬಾಳೆಹಣ್ಣು ಕೊಡುವ ಏರ್ಪಾಡು ಆ ಯೋಜನೆಯಲ್ಲೇ ಇತ್ತು.