ಸೆಕೆಂಡಿಗೆ ಹತ್ತು

ಫೋಟೋ ಹೊಡೆಸಿಕೊಳ್ಳುವ ಉಮೇದಿನಲ್ಲಿ ನಮ್ಮ ಕರಜಗಿ ಯಾವ ಶಹರಕ್ಕೂ ಸೋತ ಊರಲ್ಲ. ಕುಬಸ, ಜಾವಳ, ಹೊಸ ಟ್ರ್ಯಾಕ್ಟರಿನ ಪೂಜೆ, ಎಲ್ಲದಕ್ಕೂ ಫೋಟೋದವನು ಬರಲೇಬೇಕು. ಮದುವೆಯಲ್ಲಂತೂ ಅಕ್ಕಿಕಾಳು ಬೀಳುವ ಹೊತ್ತಿಗೆ ಮದುಮಕ್ಕಳ ಮುಖ ಕಾಣುವುದು ಕ್ಯಾಮೆರಾಗಳಿಗೆ ಮಾತ್ರ; ಬಂಧುಬಳಗಕ್ಕೆ ಕಾಣುವುದು ಕ್ಯಾಮೆರಾದವರ ಬೆನ್ನು. ನಾವೂ ಆ ಬೆನ್ನಿಗೇ ಅಕ್ಕಿಕಾಳು ಎಸೆದು, ಆಶೀರ್ವಾದ ಹೇಗೋ ಮುಟ್ಟಬೇಕಾದವರಿಗೆ ಮುಟ್ಟುತ್ತದೆಂದು ಊಟದ ಪಂಕ್ತಿಗೆ ಓಡುತ್ತೇವೆ.

ರೀಲಿನ ಕಾಲದಲ್ಲಿ ಇಷ್ಟು ಧಾರಾಳ ಇರಲಿಲ್ಲ. ರೀಲಿಗೆ 36 ಫೋಟೋ. ಒಂದೊಂದಕ್ಕೂ ತೊಳೆಯುವ, ಪ್ರಿಂಟ್ ಹಾಕುವ ಖರ್ಚು. ದೂರದ ನೆಂಟರು ಸಾಲಾಗಿ ಸ್ಟೇಜ್ ಹತ್ತಿದರೆ ಬರೀ ಫ್ಲ್ಯಾಶ್ ಹೊಡೆದು ಇಳಿಸುವ ಜಾಣತನ ಆಗಿನವರಿಗಿತ್ತು. ಬೆಳಕೂ ಬಿತ್ತು, ಮರ್ಯಾದೆಯೂ ಆಯಿತು. ಆಲ್ಬಮ್ಮಿನಲ್ಲಿ ತಮ್ಮ ಮುಖ ಸಿಗದೆ ಸಿಟ್ಟಾದವರಿಗೆ “ನೀವು ಕಣ್ಣ ಮುಚ್ಚಿದ್ರಿ ಕಾಕಾ, ಫೋಟೋ ಕೆಟ್ಟದ” ಎಂಬ ಉತ್ತರ ತಯಾರಿರುತ್ತಿತ್ತು. ವೇಗದ ಕ್ಯಾಮೆರಾಗಳು ಆಗಲೂ ಇದ್ದವು. 1996ರ ನಿಕಾನ್ ಎಫ್5 ಸೆಕೆಂಡಿಗೆ 8 ಹೊಡೆಯುತ್ತಿತ್ತು. ಒತ್ತಿ ಹಿಡಿದರೆ ನಾಲ್ಕೂವರೆ ಸೆಕೆಂಡಿನಲ್ಲಿ ರೀಲೇ ಖಾಲಿ. ಅಂಥದ್ದು ನಮ್ಮೂರಿಗೆ ಬಂದಿದ್ದರೆ ತಾಳಿ ಕಟ್ಟುವ ಮೊದಲೇ ಫೋಟೋದವನು ದಿವಾಳಿಯಾಗುತ್ತಿದ್ದ.

ಈಗಿನ ಸ್ಟುಡಿಯೋ ಹುಡುಗ ಸೊಲ್ಲಾಪುರದಿಂದ ಸೆಕೆಂಡ್ ಹ್ಯಾಂಡ್ ಕೆನಾನ್ 7ಡಿ ಮಾರ್ಕ್ 2 ತಂದಿದ್ದಾನೆ. 2014ರ ಮಾಡೆಲ್. “ಸೆಕೆಂಡಿಗಿ ಹತ್ತು ಹೊಡೀತದ್ರಿ” ಎಂದು ಬಂದವರಿಗೆಲ್ಲ ಹೇಳುತ್ತಾನೆ. ಕ್ರಿಕೆಟ್ ಮೈದಾನಗಳ ದೊಡ್ಡ ಕ್ಯಾಮೆರಾಗಳು ಇನ್ನೂ ಜೋರು: ಅದೇ ಕಂಪನಿಯ 2016ರ 1ಡಿ ಎಕ್ಸ್ ಮಾರ್ಕ್ 2 ಸೆಕೆಂಡಿಗೆ 14, 2020ರ ಮಾರ್ಕ್ 3 ಸೆಕೆಂಡಿಗೆ 16. ಹೊಡೆಯುವ ಲೆಕ್ಕವನ್ನು ಎಲ್ಲರೂ ಕೇಳುತ್ತಾರೆ. ಅರಗಿಸುವ ಲೆಕ್ಕ ಕೇಳುವವರಿಲ್ಲ.

ಆ ಲೆಕ್ಕ ನಮಗೆ ಗೊತ್ತಾದದ್ದು ಒಂದು ಮದುವೆಯಲ್ಲಿ. ಮೊದಲ ಅಕ್ಕಿಕಾಳು ಗಾಳಿಯಲ್ಲಿರುವಾಗಲೇ ಹುಡುಗ ಗುಂಡಿ ಒತ್ತಿ ಹಿಡಿದ. ಕಟಕಟ ಸದ್ದು ಮೂರು ಸೆಕೆಂಡು ನಡೆದು, ಆಮೇಲೆ ತೂಕಡಿಸತೊಡಗಿತು. ಮಂತ್ರ ಇನ್ನೂ ಮುಗಿದಿರಲಿಲ್ಲ.

“ಯಾಕೋ ತಮ್ಮಾ, ನಿಂತಿ?”

“ಬಫರ್ ತುಂಬ್ಯಾದ್ರಿ ಮುತ್ಯಾ.”

ಆ ಕ್ಯಾಮೆರಾದ ಒಂದೊಂದು ಫೋಟೋದಲ್ಲಿ 2 ಕೋಟಿ ಚುಕ್ಕಿ. ಸೆನ್ಸರಿನಿಂದ ಹೊರಟದ್ದು ಬಫರಿನಲ್ಲಿ ನಿಂತು, ಡಿಜಿಕ್ 6 ಎಂಬ ಎರಡು ಪ್ರೊಸೆಸರುಗಳ ಕೈದಾಟಿ, ಕಾರ್ಡಿಗೆ ಇಳಿಯಬೇಕು. ರಾ ಫೈಲುಗಳಾದರೆ 31ರ ಸುಮಾರಿಗೆ ಬಫರ್ ಭರ್ತಿ. ಮುತ್ಯಾನಿಗೆ ಇದನ್ನು ತಿಳಿಸಲು ತೊಗರಿಯ ರಾಶಿ ಮಷಿನ್ ಸಾಕಾಯಿತು: ಸಿವುಡನ್ನು ಎಷ್ಟೇ ಭರದಿಂದ ಕೊಟ್ಟರೂ, ಒಳಗೆ ಕಾಳು ಬೇರೆ ಹೊಟ್ಟು ಬೇರೆ ಆಗುವ ತನಕ ತಡೆಯಲೇಬೇಕು, ಇಲ್ಲದಿದ್ದರೆ ಬೆಲ್ಟ್ ಜಾರಿ ಮಷಿನ್ ನಿಲ್ಲುತ್ತದೆ. ಜೆಪೆಗ್ ಇಟ್ಟುಕೊಂಡರೆ ಇಷ್ಟು ಬೇಗ ಗಂಟಲು ಕಟ್ಟುವುದಿಲ್ಲ. ಆದರೆ ಹುಡುಗನಿಗೆ ರಾ ಬೇಕೇ ಬೇಕು. ಮದುಮಗಳನ್ನು ಆಮೇಲೆ ಅವಳ ತಾಯಿಗೂ ಗುರುತು ಸಿಗದಷ್ಟು ಬೆಳ್ಳಗೆ ಮಾಡಲು ಅದರಲ್ಲೇ ಅನುಕೂಲ.

ಇನ್ನೊಂದು ಸೋಜಿಗ. ಈ ಜಾತಿಯ ಕ್ಯಾಮೆರಾದೊಳಗೆ ಒಂದು ಕನ್ನಡಿಯಿದೆ. ಅದು ಬೆಳಕನ್ನು ಫೋಟೋದವನ ಕಣ್ಣಿಗೆ ಕಳಿಸುತ್ತದೆ. ಫೋಟೋ ಬೀಳುವ ಗಳಿಗೆಗೆ ಮೇಲೆದ್ದು ಸೆನ್ಸರಿಗೆ ದಾರಿ ಬಿಡುತ್ತದೆ. ಆಗ ಅವನಿಗೆ ಕತ್ತಲೆ. ಸೆಕೆಂಡಿಗೆ ಹತ್ತು ಎಂದರೆ ಹತ್ತು ಸಲ ಕತ್ತಲೆ. ಇಡೀ ಮಂಟಪ ನೋಡಿದ ಆ ಕ್ಷಣವನ್ನು ನೋಡದವನು ಅವನೊಬ್ಬನೇ, ನೋಡಿದ್ದಕ್ಕೆ ಸಾಕ್ಷಿ ಕೊಡುವವನೂ ಅವನೇ.

ಸಾಕ್ಷಿಯ ಮಾತು ಬಂದದ್ದು ಕಾರಹುಣ್ಣಿಮೆಯಲ್ಲಿ. ನಮ್ಮ ಕಡೆ ಅಂದು ಕರಿ ಹರಿಯುತ್ತಾರೆ. ಅಗಸಿಗೆ ಬೇವಿನ ಸೊಪ್ಪಿನ ಹಗ್ಗ ಕಟ್ಟಿರುತ್ತಾರೆ. ಕೊಂಬಿಗೆ ಬಣ್ಣ ಬಳಿದ ಎತ್ತುಗಳು ಓಡಿ ಬಂದು ಅದನ್ನು ಹರಿಯಬೇಕು. ಬಿಳಿ ಎತ್ತು ಮುಂದಾದರೆ ಹಿಂಗಾರಿಯ ಬಿಳಿಜೋಳ, ಕೆಂದ ಎತ್ತು ಮುಂದಾದರೆ ಮುಂಗಾರಿ ಬೆಳೆ ಎಂಬುದು ಹಿರಿಯರ ಹೇಳಿಕೆ. ಆ ವರ್ಷ ಎರಡೂ ಜೋಡಿಯಾಗಿ ನುಗ್ಗಿ, ಗದ್ದಲವೆದ್ದು, “ಫೋಟೋ ನೋಡ್ರಿ, ಸುಳ್ಳ ಹೇಳಂಗಿಲ್ಲ” ಎಂದರು. ಹುಡುಗ ತೋರಿಸಿದ. ಒಂದು ಫೋಟೋದಲ್ಲಿ ಹಗ್ಗ ಬಿಗಿಯಾಗಿದೆ, ಬೇವಿನ ಎಲೆಯೂ ಅಲುಗಿಲ್ಲ, ಎರಡೂ ಮೂತಿಗಳು ಒಂದು ಮೊಳ ಹಿಂದಿವೆ. ಮರುಫೋಟೋದಲ್ಲಿ ಹಗ್ಗ ಎರಡು ತುಂಡು. ಒಂದು ತುಂಡು ಬಿಳಿಯದರ ಕೊಂಬಿನಲ್ಲಿ, ಇನ್ನೊಂದು ಕೆಂದದರ ಕೊರಳಲ್ಲಿ.

ಸೆಕೆಂಡಿಗೆ 7 ಮೀಟರ್ ಓಡುವ ಎತ್ತು ಎರಡು ಫೋಟೋಗಳ ನಡುವೆ 70 ಸೆಂಟಿಮೀಟರ್ ದಾಟಿಬಿಡುತ್ತದೆ. ಶಟರು ತೆರೆದಿರುವುದಾದರೂ ಎಷ್ಟು ಹೊತ್ತು? ಸೆಕೆಂಡಿನ 2000ದಲ್ಲಿ ಒಂದು ಪಾಲಿಗೆ ಇಟ್ಟಿದ್ದರೆ, ಹತ್ತೂ ಫೋಟೋ ಸೇರಿ 5 ಮಿಲಿಸೆಕೆಂಡು. ಉಳಿದ 995 ಮಿಲಿಸೆಕೆಂಡು ಕ್ಯಾಮೆರಾ ಏನನ್ನೂ ಕಂಡಿರುವುದಿಲ್ಲ. ವೇಗ ಹೆಚ್ಚಿದಂತೆ ಸಂದು ಕಿರಿದಾಗುತ್ತದೆ, ನಿಜ. ಜಗಳಕ್ಕೆ ಎಷ್ಟು ಕಿರಿದು ಸಂದಾದರೂ ನಡೆಯುತ್ತದೆ. ಬಣ್ಣದ ಕಥೆ ಇನ್ನೂ ಮಜವಾಗಿದೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಏರ್ಪಾಡಿನಂತೆ ಸೆನ್ಸರಿನ ಒಂದೊಂದು ಚುಕ್ಕಿ ಕಾಣುವುದು ಕೆಂಪು, ಹಸಿರು, ನೀಲಿಯಲ್ಲಿ ಒಂದನ್ನು ಮಾತ್ರ. ಉಳಿದೆರಡನ್ನು ಪ್ರೊಸೆಸರು ಅಕ್ಕಪಕ್ಕದ ಚುಕ್ಕಿ ನೋಡಿ ಅಂದಾಜು ಕಟ್ಟುತ್ತದೆ. ಊರಿನ ಬೆಳೆಯೆಲ್ಲ ಎತ್ತಿನ ಬಣ್ಣದ ಮೇಲೆ ನಿಂತಿರುವಾಗ, ಕ್ಯಾಮೆರಾ ಆ ಬಣ್ಣದ ಮೂರರಲ್ಲಿ ಎರಡು ಪಾಲನ್ನು ಅಂದಾಜಿನಲ್ಲೇ ಹೇಳುತ್ತಿತ್ತು.

ಮುತ್ಯಾ ಎರಡೂ ಫೋಟೋ ನೋಡಿ, “ಎರಡೂ ಬಿತ್ರಿ” ಎಂದ. ಹೊಲವಿದ್ದವರು ಹೇಗೂ ಎರಡೂ ಹಂಗಾಮಿಗೆ ಬಿತ್ತುವವರೇ, ತೀರ್ಪಿಗೆ ಎದುರಾಡಲಿಲ್ಲ. ಉಳಿದ ತಕರಾರು ಒಂದೇ: ಆ ಎರಡು ಫೋಟೋಗಳ ಪ್ರಿಂಟಿನ ದುಡ್ಡನ್ನು ಕೊಡಬೇಕಾದವರು ಬಿಳಿ ಎತ್ತಿನವರೋ, ಕೆಂದ ಎತ್ತಿನವರೋ?